ಬೆಲ್ಲದ ಚೀಟಿ

ಪುಷ್ಯ ಮಾಸದಲ್ಲಿ ಕಪಿಲಾ ತೀರದ ಸುತ್ತೂರಿನಲ್ಲಿ ಜಾತ್ರೆ ನೆರೆಯುತ್ತದೆ. ರಥೋತ್ಸವ, ಕುಸ್ತಿ, ಸಾಮೂಹಿಕ ವಿವಾಹ, ಕೃಷಿ ಮೇಳ ಇವುಗಳನ್ನು ನೋಡಲು ಮೈಸೂರಿನಿಂದಲೂ ಜನ ಸಂಸಾರಸಮೇತರಾಗಿ ಬರುತ್ತಾರೆ. ಹಿಂದಿರುಗುವಾಗ ಗೃಹಿಣಿಯ ಕೈಚೀಲದಲ್ಲಿ ಒಂದು ಕಿಲೋ ಅಚ್ಚುಬೆಲ್ಲವೂ ಸೇರಿರುತ್ತದೆ. ಯುಗಾದಿಯ ಹೋಳಿಗೆಗೆ ಆ ಬೆಲ್ಲ ಒದಗಿದರೆ ಮನೆಯವರಿಗೆಲ್ಲ ಸಂತೋಷ. ಆದರೆ ಮತ್ತೆ ತರಿಸಬೇಕೆಂದರೆ ಅದು ಯಾರ ಆಲೆಮನೆಯದು? ಪೊಟ್ಟಣದ ಚೀಟಿಯ ಮೇಲೆ ಸೂರ್ಯೋದಯವಿದೆ, ಎರಡು ನವಿಲುಗಳಿವೆ, ನಾಲ್ಕಾರು ಬಣ್ಣಗಳಿವೆ. ವಿಳಾಸ ಮಾತ್ರ ಓದಲಾಗದಷ್ಟು ಸಣ್ಣದಾಗಿ ಅಂಚಿನಲ್ಲಿ ಅಡಗಿದೆ. ಬೆಲ್ಲದವನು ಒಬ್ಬ ಗಿರಾಕಿಯನ್ನು ಕಳೆದುಕೊಂಡ. ಚೀಟಿಗೆ ತೆತ್ತ ಹಣವೂ ವ್ಯರ್ಥವಾಯಿತು.

ಚಿಕ್ಕ ವ್ಯಾಪಾರಿಗೆ ಲಾಂಛನ ಬರೆದುಕೊಡುವ ಕಲಾವಿದ ಮೊದಲು ಅರಿಯಬೇಕಾದ ಸಂಗತಿ ಇದು. ಸಿರಿವಂತ ಕಂಪೆನಿಗೆ ತಪ್ಪಿದರೆ ಇನ್ನೊಮ್ಮೆ ಅಚ್ಚುಹಾಕಿಸುವ ಶಕ್ತಿಯುಂಟು. ಆಲೆಮನೆಯವನಿಗೆ ಒಂದು ಸಲದ ಅಚ್ಚೇ ವರ್ಷದ ಬಂಡವಾಳ. ಆದುದರಿಂದ ಇಲ್ಲಿ ಏನನ್ನು ಸೇರಿಸಬೇಕು ಎಂಬುದಕ್ಕಿಂತ ಏನನ್ನು ಬಿಡಬೇಕು ಎಂಬ ವಿವೇಕವೇ ಮುಖ್ಯ.

ಬಣ್ಣದಿಂದಲೇ ಮೊದಲುಮಾಡಬಹುದು. ಆಫ್‌ಸೆಟ್ ಯಂತ್ರದಲ್ಲಿ ಪೂರ್ಣವರ್ಣದ ಮುದ್ರಣಕ್ಕೆ ನಾಲ್ಕು ಫಲಕಗಳು ಬೇಕು. ಒಂದೇ ಶಾಯಿಗೆ ಒಂದು ಫಲಕ ಸಾಕು. ತಿಳಿಹಳದಿ ಕಾಗದದ ಮೇಲೆ ಹಸಿರು ಶಾಯಿ ಬಿದ್ದರೆ ನೋಡುವ ಕಣ್ಣಿಗೆ ಎರಡು ಬಣ್ಣ, ಕೊಡುವ ಕೈಗೆ ಒಂದೇ. ಹಸಿರನ್ನು ಆಯಲು ಮತ್ತೊಂದು ಕಾರಣವೂ ಉಂಟು. ಪೊಟ್ಟಣದ ಸಸ್ಯಾಹಾರದ ಮೇಲೆ ಹಸಿರು ಚೌಕದೊಳಗೆ ಹಸಿರು ಬೊಟ್ಟಿನ ಗುರುತಿರಬೇಕೆಂಬುದು ಕಾನೂನು. ಕೆಂಪು ಶಾಯಿಯನ್ನು ಆರಿಸಿದವನು ಆ ಒಂದು ಬೊಟ್ಟಿಗಾಗಿ ಎರಡನೆಯ ಶಾಯಿಗೆ ಹಣ ತೆರಬೇಕಾಗುತ್ತದೆ.

ಅಳತೆಯಲ್ಲಿಯೂ ಹೀಗೆಯೇ. ಡೆಮಿ ಕಾಗದದ ಹಾಳೆ 18 ಅಂಗುಲಕ್ಕೆ 23 ಅಂಗುಲ. ಚೀಟಿಯ ಉದ್ದ ನಾಲ್ಕೂವರೆ ಅಂಗುಲ, ಅಗಲ ಮೂರಕ್ಕೆ ತುಸು ಕಡಿಮೆಯಿದ್ದರೆ, ಅಂಚು ಸವರುವ ಲೆಕ್ಕ ಬಿಟ್ಟು, ಒಂದು ಹಾಳೆಗೆ 32 ಚೀಟಿಗಳು. ಅಂದಕ್ಕೆಂದು ಉದ್ದವನ್ನು ಐದು ಅಂಗುಲಕ್ಕೆ ಹಿಗ್ಗಿಸಿದರೆ 24 ಮಾತ್ರ. ಸಾವಿರ ಚೀಟಿಗೆ 32 ಹಾಳೆ ಸಾಕಾಗುತ್ತಿದ್ದಲ್ಲಿ 42 ಬೇಕು. ಅರ್ಧ ಅಂಗುಲದ ಶೋಕಿಗೆ ತೆರಬೇಕಾದ ಬೆಲೆ ಇದು!

ಅಕ್ಷರಗಳ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ಆದ ಕಷ್ಟವುಂಟು. 'ಸುತ್ತೂರು' ಎಂಬ ಹೆಸರಿನಲ್ಲಿಯೇ ತಕಾರದ ಒತ್ತೊಂದು ಕೆಳಗೆ ಇಳಿದಿದೆ. ಒರಟು ಕಾಗದದ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾದರೆ ಒತ್ತಿನ ಹೊಟ್ಟೆಯಲ್ಲಿ ಶಾಯಿ ತುಂಬಿ ಬರಿಯ ಕಲೆಯಾಗುತ್ತದೆ. ಹೆಸರನ್ನು ದೊಡ್ಡದಾಗಿ ಬರೆದು ಸಾಲಿನ ಕೆಳಗೆ ಜಾಗ ಬಿಡುವುದೇ ಇದಕ್ಕೆ ಮದ್ದು. ಬೆಲೆ, ತಯಾರಿಕೆಯ ತಿಂಗಳು ಇವು ಬದಲಾಗತಕ್ಕವು. ಇವುಗಳಿಗೆ ಖಾಲಿ ಚೌಕವೊಂದನ್ನು ಬಿಟ್ಟು ರಬ್ಬರ್ ಮೊಹರು ಒತ್ತಿಕೊಂಡರೆ ಹಳೆಯ ಚೀಟಿಗಳು ರದ್ದಿಗೆ ಹೋಗುವುದಿಲ್ಲ. ಹೆಸರು, ವಿಳಾಸ, ನಿವ್ವಳ ತೂಕ ಮಾತ್ರ ಅಚ್ಚಿನಲ್ಲಿಯೇ ನಿಲ್ಲಬೇಕು.

ಇನ್ನು ಲಾಂಛನ. ಮೈಸೂರು ಸೀಮೆಯ ವ್ಯಾಪಾರಿಗೆ ಗಂಡಭೇರುಂಡದ ಮೇಲೆ ಮೋಹ ಸಹಜ. ಆದರೆ ಅದು ರಾಜ್ಯದ ಲಾಂಛನ. ಸರ್ಕಾರದ ಲಾಂಛನಗಳನ್ನು ಅಪ್ಪಣೆಯಿಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು 1950ರ ಕಾನೂನು ನಿಷೇಧಿಸಿದೆ. ಮಠದ ಗೋಪುರವನ್ನಾಗಲಿ ಶ್ರೀಗಳ ಭಾವಚಿತ್ರವನ್ನಾಗಲಿ ಕೇಳದೆ ಬೆಲ್ಲದ ಮೇಲೆ ಅಂಟಿಸುವುದೂ ಉಚಿತವಲ್ಲ. ಆಲೆಮನೆಯಲ್ಲಿ ದಿನವೂ ಉರಿಯ ಮೇಲಿರುವ ಕೊಪ್ಪರಿಗೆಯೊಂದು ಸಾಲದೆ? ನಾಲ್ಕು ದಪ್ಪ ಗೆರೆಗಳಲ್ಲಿ ಅದು ಮೂಡುತ್ತದೆ. ಹೆಬ್ಬೆರಳಿನಷ್ಟು ಚಿಕ್ಕದಾಗಿಸಿದರೂ, ಮಳಿಗೆಯ ಫಲಕಕ್ಕೆ ಹಿಗ್ಗಿಸಿದರೂ ಕೆಡುವುದಿಲ್ಲ.

ಹೆಸರಿಗೆ ಎಷ್ಟು ಬಲವುಂಟೆಂಬುದಕ್ಕೆ ನೆರೆಯ ನಂಜನಗೂಡೇ ಸಾಕ್ಷಿ. 1913ರಲ್ಲಿ ಬಿ. ವಿ. ಪಂಡಿತರು ಅಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅದರ ಹಲ್ಲುಪುಡಿ 'ನಂಜನಗೂಡು ಹಲ್ಲುಪುಡಿ' ಎಂದೇ ಮನೆಮಾತಾಯಿತು. ಊರಿನ ಹೆಸರೇ ಸರಕಿನ ಗುರುತಾಯಿತು. ಊರಿನ ಹೆಸರಿಗೆ ಯಾರೂ ಶುಲ್ಕ ಕೇಳುವುದಿಲ್ಲ. ಅದರ ಜೊತೆಗೆ ಮಾಡಿದವನ ಹೆಸರೂ ಸ್ಪಷ್ಟವಾಗಿದ್ದರೆ ಗಿರಾಕಿಗೆ ದಾರಿ ತಪ್ಪದು.

ಕಲಾವಿದನ ಸಂಭಾವನೆಯ ಮಾತನ್ನೂ ಮೊದಲೇ ಆಡಿಬಿಡುವುದು ಒಳ್ಳೆಯದು. ಹಣ ಕಡಮೆಯೆಂದು ಎಲ್ಲಿಂದಲೋ ಇಳಿಸಿಕೊಂಡ ಚಿತ್ರವನ್ನು ಒಪ್ಪಿಸುವುದು ಉಪಕಾರವಲ್ಲ. ನಾಳೆ ವ್ಯಾಪಾರಿ ಅದನ್ನು ತನ್ನದೆಂದು ನೋಂದಾಯಿಸಲು ಹೋದರೆ ತೊಡಕಾಗುತ್ತದೆ. ಹಣಕ್ಕೆ ತಕ್ಕಂತೆ ಕೆಲಸವನ್ನು ಕಿರಿದುಗೊಳಿಸಬಹುದು: ಒಂದು ಗುರುತು, ಒಂದು ಚೀಟಿ, ಒಂದು ತಿದ್ದುಪಡಿ. ಅಚ್ಚಿಗೆ ಕಳುಹಿಸುವ ಮುನ್ನ ಕರಡಿನಲ್ಲಿರುವ ಫೋನ್ ಸಂಖ್ಯೆಯನ್ನು ವ್ಯಾಪಾರಿಯಿಂದಲೇ ಗಟ್ಟಿಯಾಗಿ ಓದಿಸಬೇಕು. ಅಂಕಿಯೊಂದು ತಪ್ಪಿದರೆ ಸಾವಿರ ಚೀಟಿಗಳೂ ಒಲೆಗೇ ಸರಿ.

ಮುಂದಿನ ಪುಷ್ಯದಲ್ಲಿ ಜಾತ್ರೆ ಮತ್ತೆ ನೆರೆಯುತ್ತದೆ. ಅಲ್ಲಿಯವರೆಗೆ ಆ ಬೆಲ್ಲದವನ ಪರವಾಗಿ ಮೈಸೂರಿನ ಅಡುಗೆಮನೆಯ ಗೂಡಿನಲ್ಲಿ ಕುಳಿತು ಮಾತನಾಡಬೇಕಾದುದು ಆ ಒಂದು ಚೀಟಿಯೇ.