‘ಆರ್‌ಟಿಒ ಖರ್ಚು’ ಯಾರ ಜೇಬಿಗೆ?

ಇವರಿಗೆ,
ಮಾನ್ಯ ಸಾರಿಗೆ ಆಯುಕ್ತರು,
ಸಾರಿಗೆ ಮತ್ತು ರಸ್ತೆ ಸುರಕ್ಷತಾ ಇಲಾಖೆ,
ಶಾಂತಿನಗರ, ಬೆಂಗಳೂರು.

ಮಾನ್ಯರೆ,

ನಾನು ದಾವಣಗೆರೆಯವನು. ಇಲ್ಲಿನ ಎಪಿಎಂಸಿಯ ಒಂದು ದಲಾಲಿ ಮಂಡಿಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದು ಈಗ ಮನೆಯಲ್ಲಿದ್ದೇನೆ. ಮೆಕ್ಕೆಜೋಳ ತಂದ ರೈತನ ಕೈಗೆ ಲೆಕ್ಕಪಟ್ಟಿ ಕೊಡುವುದು ನನ್ನ ಕೆಲಸವಾಗಿತ್ತು. ತೂಕ ಎಷ್ಟು, ಧಾರಣೆ ಎಷ್ಟು, ಹಮಾಲಿ ಎಷ್ಟು ಎಂದು ಸಾಲು ಸಾಲಾಗಿ ಬರೆಯಬೇಕಿತ್ತು. ಹಮಾಲಿ ದರ ಬೋರ್ಡಿನಲ್ಲೇ ಇರುತ್ತಿತ್ತು. ಒಂದು ರೂಪಾಯಿ ಹೆಚ್ಚು ಬರೆದರೂ ರೈತ ಬೋರ್ಡು ತೋರಿಸಿ ಜಗಳಕ್ಕೆ ನಿಲ್ಲುತ್ತಿದ್ದ. ಹೀಗೆ ಲೆಕ್ಕಪಟ್ಟಿಯ ಜೊತೆಗೇ ಬದುಕಿದ ನನಗೂ ಒಂದು ಬೈಕ್ ಶೋರೂಮಿನ ಲೆಕ್ಕ ಅರ್ಥವಾಗಲು ಎರಡು ತಿಂಗಳು ಹಿಡಿಯಿತು. ಆ ಲೆಕ್ಕದಲ್ಲಿ ನಿಮ್ಮ ಇಲಾಖೆಯ ಹೆಸರೂ ಇದ್ದದ್ದರಿಂದ ಈ ಪತ್ರ.

2025ರ ನವರಾತ್ರಿ ನಿಮಗೆ ನೆನಪಿರಬೇಕು. ಸೆಪ್ಟೆಂಬರ್ 22ರಂದು ಹಬ್ಬ ಶುರುವಾಯಿತು, ಅಂದೇ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ನನ್ನ ತಂಗಿಯ ಮಗ ಮನೆಗಳಿಗೆ ವೈರಿಂಗ್ ಮಾಡುವ ಹುಡುಗ. ಹಳೆಯ ಬೈಕು ವಾರಕ್ಕೊಮ್ಮೆ ಮೆಕ್ಯಾನಿಕ್ ಮನೆ ಸೇರುತ್ತಿತ್ತು. ಅವನು 125 ಸಿಸಿಯ ಒಂದು ಬೈಕಿನ ಮೇಲೆ ವರ್ಷದಿಂದ ಕಣ್ಣಿಟ್ಟಿದ್ದ. ಎಕ್ಸ್-ಶೋರೂಮ್ ಬೆಲೆ 1,05,000 ಇದ್ದದ್ದು 96,800ಕ್ಕೆ ಬಂದಿತ್ತು. “ಮಾಮ, ನೀವು ಬನ್ನಿ, ಲೆಕ್ಕ ನಿಮಗೆ ಗೊತ್ತಾಗುತ್ತೆ” ಎಂದ. ಹೋದೆ.

ಇಲ್ಲಿ ಉಳಿತಾಯ ಒಂದಲ್ಲ, ಎರಡು. ನಮ್ಮ ರಾಜ್ಯದಲ್ಲಿ ಬೈಕಿನ ಜೀವಾವಧಿ ತೆರಿಗೆ ಬೆಲೆಗೆ ತಕ್ಕಂತೆ ಏರುತ್ತದೆ: 50,000ವರೆಗೆ ಶೇ 10, ಒಂದು ಲಕ್ಷದವರೆಗೆ ಶೇ 12, ಅದನ್ನು ದಾಟಿದರೆ ಶೇ 18. ತೆರಿಗೆಯ ಮೇಲೆ ಶೇ 11 ಸೆಸ್. 1,05,000ದ ಬೈಕಿಗೆ ಸೆಸ್ ಸೇರಿ 20,979 ಆಗುತ್ತಿತ್ತು. 96,800ಕ್ಕೆ ಇಳಿದ ಮೇಲೆ ಅದೇ ಬೈಕಿಗೆ 12,894. ಬೆಲೆಯಲ್ಲಿ ಎಂಟು ಸಾವಿರ, ತೆರಿಗೆಯಲ್ಲಿ ಇನ್ನೊಂದು ಎಂಟು ಸಾವಿರ. ಹುಡುಗನ ಒಂದು ತಿಂಗಳ ದುಡಿಮೆ ಉಳಿಯಬೇಕಿತ್ತು.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಕೊಟೇಶನ್ ಕೈಗೆ ಬಂದಾಗ ನೆನಪಾದದ್ದು ಆ ಮಾತು. ಅರ್ಧ ಹಾಳೆ, ಮೇಲೆ ಬೈಕಿನ ಬಣ್ಣದ ಚಿತ್ರ, ಕೆಳಗೆ ಬಾಲ್‌ಪೆನ್ನಿನಲ್ಲಿ ಬರೆದ ಅಂಕಿಗಳು:

ಎಕ್ಸ್-ಶೋರೂಮ್ – 96,800
ಆರ್‌ಟಿಒ – 16,900
ಇನ್ಶೂರೆನ್ಸ್ – 9,800
ಹ್ಯಾಂಡ್ಲಿಂಗ್ – 2,500
ಆಕ್ಸೆಸರೀಸ್ ಕಿಟ್ – 3,600
ಹೆಲ್ಮೆಟ್ – 1,200
ಟೆಫ್ಲಾನ್ ಕೋಟಿಂಗ್ – 1,500
ಆನ್‌ರೋಡ್ – 1,32,300

ಆ ‘ಆನ್‌ರೋಡ್’ ಅಂಕಿಗೆ ಎರಡು ಸಲ ವೃತ್ತ ಹಾಕಿದ್ದರು. ಸೇಲ್ಸ್ ಹುಡುಗ ಅದನ್ನೂ ಹೆಚ್ಚು ಹೊತ್ತು ನೋಡಲು ಬಿಡಲಿಲ್ಲ. “ಅದು ಬಿಡಿ ಸಾರ್, ತಿಂಗಳಿಗೆ ಎಷ್ಟು ಕಟ್ತೀರಿ ಹೇಳಿ” ಎಂದ. ಬಡ್ಡಿ ಶೇ 10 ಎಂದ. ಅದು ಫ್ಲ್ಯಾಟ್ ದರ. ಮೂರು ವರ್ಷದ ಸಾಲಕ್ಕೆ, ಅಸಲು ತೀರಿದಂತೆ ಇಳಿಯುವ ಬಡ್ಡಿಯ ಲೆಕ್ಕದಲ್ಲಿ ಹಿಡಿದರೆ ಹತ್ತಿರ ಹತ್ತಿರ ಶೇ 18 ಆಗುತ್ತದೆ. ಅದು ನಿಮ್ಮ ಇಲಾಖೆಗೆ ಸೇರಿದ್ದಲ್ಲ, ಬಿಡುತ್ತೇನೆ.

ನಾವು ಚೌಕಾಸಿಗೆ ಕೂತೆವು. ಪಕ್ಕದ ಹರಿಹರದ ಶೋರೂಮಿನಿಂದ ಇನ್ನೊಂದು ಕೊಟೇಶನ್ ತಂದಿದ್ದೆವು, ಅದು ಕೈ ಹಿಡಿಯಿತು. ಮೊದಲು ಬಿದ್ದದ್ದು ಟೆಫ್ಲಾನ್. ಬಾಯಿ ತೆರೆಯುವ ಮೊದಲೇ ಸೇಲ್ಸ್ ಹುಡುಗ ಹೊಡೆದುಹಾಕಿದ. ಬೀಳಿಸಲಿಕ್ಕೆಂದೇ ಬರೆದ ಸಾಲು ಅದು ಎಂದು ಆಗಲೇ ಅಂದುಕೊಂಡೆ.

ಕಿಟ್‌ನಲ್ಲಿ ಕ್ರ್ಯಾಶ್ ಗಾರ್ಡ್, ಸೀಟ್ ಕವರ್, ಟ್ಯಾಂಕ್ ಕವರ್, ಹಿಂದೆ ಹಿಡಿಯುವ ಕಂಬಿ, ಸೀರೆ ಗಾರ್ಡ್ ಎಲ್ಲ ಇದ್ದವು. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಬೈಕಿನ ಜೊತೆ ಬರಬೇಕಾದ್ದನ್ನೇ ಬಿಚ್ಚಿಟ್ಟು ಕಿಟ್ ಎಂದು ಮಾರುವುದು ಯಾವ ನ್ಯಾಯ? ಹೆಲ್ಮೆಟ್ಟಿನದೂ ಇದೇ ಕಥೆ. ದ್ವಿಚಕ್ರ ವಾಹನ ಕೊಳ್ಳುವಾಗ ಬಿಐಎಸ್ ಗುಣಮಟ್ಟದ ಹೆಲ್ಮೆಟ್ ಅನ್ನು ತಯಾರಕರೇ ಒದಗಿಸಬೇಕು ಎಂದು 138ನೇ ನಿಯಮದಲ್ಲಿದೆ. ನಾನು ಈ ಎರಡು ನಿಯಮಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಚೀಟಿ ತೆಗೆದದ್ದೇ ತಡ, ಮ್ಯಾನೇಜರ್ ಬಂದು ಎರಡು ಟೀ ತರಿಸಿದರು. ಹೆಲ್ಮೆಟ್ ‘ಫ್ರೀ’ ಆಯಿತು. ಕಿಟ್ 1,400ಕ್ಕೆ ಇಳಿದು ಕ್ರ್ಯಾಶ್ ಗಾರ್ಡ್, ಸೀಟ್ ಕವರ್ ಮಾತ್ರ ಉಳಿಯಿತು.

ಇನ್ಶೂರೆನ್ಸ್‌ಗೆ ಬಂದೆವು. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸುಪ್ರೀಂ ಕೋರ್ಟ್ ನಿರ್ದೇಶನದ ಮೇಲೆ 2018ರ ಸೆಪ್ಟೆಂಬರ್ 1ರಿಂದ ಬಂದ ಕ್ರಮ ಅದು. ಅದರ ದರವನ್ನು ಸರ್ಕಾರವೇ ನಿಗದಿ ಮಾಡಿದೆ. 75ರಿಂದ 150 ಸಿಸಿವರೆಗೆ ಐದು ವರ್ಷಕ್ಕೆ 3,851 ರೂಪಾಯಿ, ಮೇಲೆ ಜಿಎಸ್‌ಟಿ. ಯಾವ ಕಂಪನಿಯಲ್ಲಿ ಮಾಡಿಸಿದರೂ ಅಷ್ಟೇ. ಹೆಚ್ಚುಕಡಿಮೆ ಆಗುವುದು ನಮ್ಮ ಗಾಡಿಯ ಹಾನಿಗೆ ಮಾಡಿಸುವ ಒಂದು ವರ್ಷದ ವಿಮೆ ಮತ್ತು ಅದಕ್ಕೆ ಅಂಟಿಸುವ ಆಡ್-ಆನ್‌ಗಳಲ್ಲಿ. ಪರಿಚಯದ ಏಜೆಂಟರು ಎಲ್ಲ ಸೇರಿ 7,100 ಎಂದಿದ್ದರು. ಹಾಗೆಂದಾಗ ಸೇಲ್ಸ್ ಹುಡುಗ ಹೇಳಿದ ಮಾತು ಇದು: “ಹೊರಗಡೆ ಇನ್ಶೂರೆನ್ಸ್ ತಂದ್ರೆ ಆರ್‌ಟಿಒದಲ್ಲಿ ರಿಜಿಸ್ಟ್ರೇಶನ್ ಆಗಲ್ಲ ಸಾರ್.”

ಆಯುಕ್ತರೆ, ನಿಮ್ಮ ಹೆಸರು ಬಂದದ್ದು ಇಲ್ಲಿ. ವಿಮೆಯನ್ನು ಎಲ್ಲಿ ಬೇಕಾದರೂ ಮಾಡಿಸುವ ಹಕ್ಕು ಕೊಳ್ಳುವವನದು. ಡೀಲರುಗಳು ಬಲವಂತ ಮಾಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ 2017ರ ಮಾರ್ಗಸೂಚಿಯಲ್ಲೇ ಇದೆ. “ಆಗಲ್ಲ ಅಂತ ಬರೆದುಕೊಡಿ” ಎಂದೆ. ಬರೆದುಕೊಡಲಿಲ್ಲ, ಒಪ್ಪಿಕೊಂಡರು.

ಹ್ಯಾಂಡ್ಲಿಂಗ್ ಎಂದರೇನು ಎಂದು ಕೇಳಿದೆ. “ಗೋಡೌನ್‌ನಿಂದ ಇಲ್ಲಿಗೆ ತರೋ ಖರ್ಚು” ಎಂದರು. ನಮ್ಮ ಮಂಡಿಯ ಭಾಷೆಯಲ್ಲಿ ಹೇಳುವುದಾದರೆ ಹಮಾಲಿ. ಕ್ವಿಂಟಲ್ ಜೋಳವನ್ನು ಬೆನ್ನ ಮೇಲೆ ಹೊರುವ ಹಮಾಲನ ಕೂಲಿಗೆ ಬೋರ್ಡಿದೆ. ತನ್ನ ಚಕ್ರದ ಮೇಲೆ ತಾನೇ ಉರುಳಿ ಬರುವ ಬೈಕಿಗೆ 2,500 ರೂಪಾಯಿ ಹಮಾಲಿ, ಬೋರ್ಡಿಲ್ಲ. ಮೋಟಾರು ವಾಹನ ಕಾಯ್ದೆಯಲ್ಲಾಗಲಿ ನಿಯಮಗಳಲ್ಲಾಗಲಿ ಇಂಥ ಒಂದು ಶುಲ್ಕ ಇಲ್ಲ. ಅರ್ಧ ಗಂಟೆಯ ಮಾತಿನ ನಂತರ ಮ್ಯಾನೇಜರ್ ದೊಡ್ಡ ಮನಸ್ಸು ಮಾಡಿದವರಂತೆ ಆ ಸಾಲಿಗೆ ಅಡ್ಡಗೆರೆ ಎಳೆದರು. ಒಟ್ಟು 10,100 ರೂಪಾಯಿ ಇಳಿದಿತ್ತು. ಅಳಿಯನ ಮುಖದಲ್ಲಿ ನಗು.

ಉಳಿದದ್ದು ಒಂದೇ ಸಾಲು: ಆರ್‌ಟಿಒ, 16,900. “ಇದೇನು ಇಷ್ಟೊಂದು?” ಎಂದೆ. “ಅದು ಗೌರ್ಮೆಂಟ್‌ದು ಸಾರ್, ನಮ್ಮ ಕೈಲಿಲ್ಲ” ಎಂದರು. ಸರ್ಕಾರದ ದುಡ್ಡಿನ ಮೇಲೆ ಚೌಕಾಸಿ ಮಾಡುವುದೆಂದರೆ ಬಸ್ ಟಿಕೆಟ್ಟಿಗೆ ಚೌಕಾಸಿ ಮಾಡಿದ ಹಾಗೆ. ಸುಮ್ಮನಾದೆ. 1,22,200ಕ್ಕೆ ವ್ಯಾಪಾರ ಮುಗಿಯಿತು. ಆಯುಧಪೂಜೆಯ ಬೆಳಿಗ್ಗೆ ಚಕ್ರದಡಿ ನಿಂಬೆಹಣ್ಣಿಟ್ಟು, ಚೆಂಡು ಹೂವಿನ ಹಾರ ಹಾಕಿ ಗಾಡಿ ಮನೆಗೆ ತಂದೆವು.

ಆರ್‌ಸಿ ಬಂದ ಮೇಲೆ, ಹಳೆಯ ಚಾಳಿ ಬಿಡಲಾಗದೆ, ಪರಿವಾಹನ್ ಜಾಲತಾಣದಿಂದ ರಸೀದಿ ತೆಗೆಸಿದೆ. ತೆರಿಗೆ ಮತ್ತು ಅದರ ಸೆಸ್ 12,894. ನೋಂದಣಿಗೆ 300, ಸ್ಮಾರ್ಟ್ ಕಾರ್ಡಿಗೆ 200, ಸಾಲದ ನಮೂದಿಗೆ 500. ಉಳಿದ ಸಣ್ಣಪುಟ್ಟದ್ದೆಲ್ಲ ಸೇರಿದರೂ 14,400ರ ಆಸುಪಾಸು. ನಾವು ಕೊಟ್ಟದ್ದು 16,900. ವ್ಯತ್ಯಾಸ 2,500. ಅಡ್ಡಗೆರೆ ಎಳೆದು ‘ಬಿಟ್ಟುಕೊಟ್ಟ’ ಹ್ಯಾಂಡ್ಲಿಂಗ್ ಮೊತ್ತ ನಿಮ್ಮ ಇಲಾಖೆಯ ಹೆಸರಿನಡಿ ಮೊದಲಿನಿಂದಲೂ ಇನ್ನೊಂದು ಸಲ ಕೂತಿತ್ತು.

ಫೋನ್ ಮಾಡಿ ಕೇಳಿದೆ. “ಆರ್‌ಟಿಒ ಆಫೀಸಲ್ಲಿ ಖರ್ಚು ಇರುತ್ತಲ್ಲ ಸಾರ್” ಎಂದರು. ಯಾವ ಖರ್ಚು? ಕಂಪನಿಯಿಂದ ಪೂರ್ತಿ ಸಿದ್ಧವಾಗಿ ಬಂದ ಹೊಸ ವಾಹನವನ್ನು ತಪಾಸಣೆಗೆ ಕಚೇರಿಗೆ ಒಯ್ಯಬೇಕಾದ ಅಗತ್ಯವನ್ನೇ 2021ರಲ್ಲಿ ಕೇಂದ್ರ ತೆಗೆದುಹಾಕಿತು. ಅರ್ಜಿ, ತೆರಿಗೆ ಎರಡೂ ಶೋರೂಮಿನ ಕಂಪ್ಯೂಟರಿನಿಂದಲೇ ಹೋಗುತ್ತವೆ. ಆ 2,500 ನಿಮ್ಮ ಸಿಬ್ಬಂದಿಗೆ ತಲುಪಿತು ಎಂದು ನಾನು ಹೇಳುತ್ತಿಲ್ಲ. ತಲುಪಿಲ್ಲ ಎಂದೇ ನಂಬಲು ಇಷ್ಟಪಡುತ್ತೇನೆ. ಹಾಗಿದ್ದರೆ ನಿಮ್ಮ ಇಲಾಖೆ ಪಡೆಯದ ದುಡ್ಡಿಗೆ ನಿಮ್ಮ ಇಲಾಖೆ ಕೆಟ್ಟ ಹೆಸರು ಹೊರುತ್ತಿದೆ. ನಿಮಗೆ ಸಿಟ್ಟು ಬರಬೇಕಾದ ಸಂಗತಿ ಇದು.

ಡೀಲರುಗಳ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಬಾಡಿಗೆ, ಸಂಬಳ, ಸ್ಟಾಕಿನ ಮೇಲಿನ ಬಡ್ಡಿ ಎಲ್ಲವೂ ಇದೆ. ಆ ಸೇಲ್ಸ್ ಹುಡುಗ ನನ್ನನ್ನು ಪಕ್ಕಕ್ಕೆ ಕರೆದು, “ಅಂಕಲ್, ಕಿಟ್ ಪೂರ್ತಿ ತೆಗೆಸಬೇಡಿ, ನನ್ನ ಇನ್ಸೆಂಟಿವ್ ಹೋಗುತ್ತೆ” ಎಂದ. ಕ್ರ್ಯಾಶ್ ಗಾರ್ಡ್ ಉಳಿಸಿಕೊಂಡದ್ದು ಅವನಿಗಾಗಿಯೇ. ವ್ಯಾಪಾರಿ ಲಾಭ ಮಾಡಲಿ, ತನ್ನ ಹೆಸರಿನಲ್ಲಿ ಮಾಡಲಿ. ನಮ್ಮ ಕಡೆಯ ದನದ ಜಾತ್ರೆಗಳಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ನೋಡುವವರಿಗೆ ಕಾಣದಿದ್ದರೂ ಟವೆಲ್ಲಿನ ಕೆಳಗೆ ಕೊಳ್ಳುವವನ ಕೈಯೂ ಇರುತ್ತಿತ್ತು. ಶೋರೂಮಿನ ಟವೆಲ್ಲಿನ ಕೆಳಗೆ ನಮ್ಮ ಕೈ ಹೋಗುವುದಿಲ್ಲ.

ಬೆಲೆ ನಿಯಂತ್ರಿಸುವುದು ನಮ್ಮ ಕೆಲಸವಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಬೇಡ. ಆದರೆ ತೆರಿಗೆ, ಶುಲ್ಕ ನಿಮ್ಮವು; ಶೋರೂಮಿಗೆ ಟ್ರೇಡ್ ಸರ್ಟಿಫಿಕೇಟ್ ಕೊಡುವುದೂ ನಿಮ್ಮ ಇಲಾಖೆ. ಆ ಅಧಿಕಾರದೊಳಗೇ ಆಗುವ ನಾಲ್ಕು ಕೆಲಸಗಳನ್ನು ಕೇಳುತ್ತಿದ್ದೇನೆ.

1. ಪ್ರತಿ ಶೋರೂಮಿನ ಬಾಗಿಲಲ್ಲಿ ಕನ್ನಡದಲ್ಲಿ ದೊಡ್ಡ ಅಕ್ಷರದ ಬೋರ್ಡು ಇರಲಿ. ಯಾವ ಬೆಲೆಗೆ ತೆರಿಗೆ ಎಷ್ಟು, ಸೆಸ್ ಎಷ್ಟು, ನೋಂದಣಿ ಶುಲ್ಕ ಎಷ್ಟು. ಹೆಲ್ಮೆಟ್, ಹಿಡಿಕೆ, ಸೀರೆ ಗಾರ್ಡ್ ಬೈಕಿನ ಜೊತೆಗೇ ಬರಬೇಕು. ವಿಮೆ ಎಲ್ಲಿ ಬೇಕಾದರೂ ಮಾಡಿಸಬಹುದು. ಇಷ್ಟು ಸಾಕು.

2. ಕೊಟೇಶನ್ನಿಗೆ ಒಂದೇ ನಮೂನೆ ತನ್ನಿ. ಎಡಕ್ಕೆ ಸರ್ಕಾರಕ್ಕೆ ಹೋಗುವುದು, ಬಲಕ್ಕೆ ಡೀಲರ್‌ಗೆ ಹೋಗುವುದು. ‘ಆರ್‌ಟಿಒ’ ಎಂಬ ಒಂದೇ ಪದದ ಸಾಲು ಎಲ್ಲೂ ಇರಕೂಡದು.

3. ಡೀಲರ್ ತೆರಿಗೆ ಕಟ್ಟಿದ ಕ್ಷಣವೇ ಮೊತ್ತದ ವಿವರ ಮಾಲೀಕನ ಮೊಬೈಲಿಗೆ ಕನ್ನಡದಲ್ಲಿ ಬರಲಿ. ಗಾಡಿ ಕೈಗೆ ಬರುವ ಮೊದಲೇ ಲೆಕ್ಕ ಕೈಗೆ ಬರಲಿ.

4. ದಸರಾ ಮತ್ತು ಯುಗಾದಿಗೆ ಮೊದಲು ನಿಮ್ಮ ಇನ್‌ಸ್ಪೆಕ್ಟರುಗಳು ಯೂನಿಫಾರ್ಮ್ ಇಲ್ಲದೆ ಗ್ರಾಹಕರಾಗಿ ಹೋಗಿ ಕೊಟೇಶನ್ ತರಲಿ. ಟ್ರೇಡ್ ಸರ್ಟಿಫಿಕೇಟ್ ನವೀಕರಿಸುವಾಗ ಆ ಹಾಳೆ ಮೇಜಿನ ಮೇಲಿರಲಿ.

ಗ್ರಾಹಕ ಆಯೋಗಕ್ಕೆ ಹೋಗಬಹುದಲ್ಲ ಎನ್ನುವವರಿದ್ದಾರೆ. ಹೋಗಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ, 1915ಕ್ಕೆ ಕರೆ ಮಾಡಿದರೆ ದೂರು ಬರೆದುಕೊಳ್ಳುತ್ತಾರೆ. ಆದರೆ 2,500 ರೂಪಾಯಿಗಾಗಿ ದಿನಗೂಲಿ ಬಿಟ್ಟು ಅಲೆಯುವ ವೈರಿಂಗ್ ಹುಡುಗ ಎಲ್ಲಿದ್ದಾನೆ? ಅವನು ಬರುವುದಿಲ್ಲ ಎಂಬ ಲೆಕ್ಕದ ಮೇಲೆಯೇ ಈ ‘ಆರ್‌ಟಿಒ’ ಸಾಲು ನಿಂತಿದೆ.

ಇನ್ನು ನಮ್ಮ ಜನಕ್ಕೊಂದು ಮಾತು. ಹಬ್ಬದ ದಿನವೇ ಡೆಲಿವರಿ ಬೇಕೆಂದು ಹಟ ಹಿಡಿದವನ ಕೈಯಲ್ಲಿ ಚೌಕಾಸಿಯ ಶಕ್ತಿ ಅರ್ಧಕ್ಕಿಳಿಯುತ್ತದೆ. ನಾವೂ ಹಾಗೆಯೇ ಮಾಡಿದೆವು. ಎರಡು ಊರಿನ ಕೊಟೇಶನ್ ತನ್ನಿ, ಕಂತಿನ ಮಾತಿಗೆ ಮೊದಲು ಒಟ್ಟು ಬೆಲೆ ಮುಗಿಸಿ, ಗಾಡಿ ತಯಾರಾದ ತಿಂಗಳು-ವರ್ಷವನ್ನು ಸೇಲ್ ಸರ್ಟಿಫಿಕೇಟಿನಲ್ಲಿ ನೋಡಿ, ತೆರಿಗೆಯನ್ನು ಮನೆಯಲ್ಲೇ ಗುಣಿಸಿಕೊಂಡು ಹೋಗಿ.

ಆಯುಕ್ತರೆ, ಮೂವತ್ತೊಂದು ವರ್ಷದಲ್ಲಿ ನಾನು ಕಲಿತದ್ದಿಷ್ಟು: ಲೆಕ್ಕಪಟ್ಟಿಯಲ್ಲಿ ಸಾಲು ಬಿಡಿಸಿ ಬರೆದ ಕಡೆ ಜಗಳ ಆದರೂ ಮೋಸ ಆಗುವುದಿಲ್ಲ. ನಿಮ್ಮ ಹೆಸರಿನ ಆ ಒಂದು ಸಾಲನ್ನು ಬಿಡಿಸಿ ಬರೆಸಿ. ಉಳಿದ ಚೌಕಾಸಿ ನಾವು ಮಾಡಿಕೊಳ್ಳುತ್ತೇವೆ.

ಇಂತಿ,
ದಾವಣಗೆರೆಯ ಒಬ್ಬ ನಿವೃತ್ತ ಮಂಡಿ ಗುಮಾಸ್ತ