ಒಂದು ಯಂತ್ರ, ಎರಡು ಬಗೆಯ ಊಟ

ಪಾತ್ರೆ ತೊಳೆಯುವ ಯಂತ್ರ ಕೊಳ್ಳಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಬೆಲೆ ಎಷ್ಟು? ಎಷ್ಟು ತಟ್ಟೆ ಹಿಡಿಯುತ್ತದೆ? ಕರೆಂಟು ಎಷ್ಟು ಎಳೆಯುತ್ತದೆ? ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲೋ ಇಸ್ರೇಲಿನ ಜೆರುಸಲೇಮಿನಲ್ಲೋ ಇರುವ ಸಂಪ್ರದಾಯಸ್ಥ ಯಹೂದಿ ಕುಟುಂಬವೊಂದು ಇವುಗಳ ಜೊತೆಗೆ ನಾಲ್ಕನೆಯ ಪ್ರಶ್ನೆಯನ್ನೂ ಹೊತ್ತು ಹೋಗುತ್ತದೆ: ಯಂತ್ರ ಒಂದು ಸಾಕೇ, ಎರಡು ಬೇಕೇ? ಇದು ಸಿರಿತನದ ಪ್ರಶ್ನೆಯಲ್ಲ. ಅಜ್ಜಿ ಹೊಸದಾಗಿ ಸಂಸಾರ ಹೂಡಿದ ಮೊಮ್ಮಗನ ಮನೆಗೆ ಬಂದಾಗ ಊಟಕ್ಕೆ ಕೂರುತ್ತಾರೋ, 'ಹಸಿವಿಲ್ಲಪ್ಪ' ಎಂದು ಹಣ್ಣು ತಿಂದು ಎದ್ದು ಹೋಗುತ್ತಾರೋ ಎಂಬುದು ಇದರ ಉತ್ತರವನ್ನು ಅವಲಂಬಿಸಿರಬಹುದು.

ಯಹೂದಿಗಳ ಆಹಾರ ನಿಯಮಗಳಿಗೆ ಕಶ್ರುತ್ ಎಂದು ಹೆಸರು. ಆ ನಿಯಮಕ್ಕೆ ಒಪ್ಪುವುದೆಲ್ಲ ಕೋಷರ್. ಹಂದಿಮಾಂಸ, ಸಿಗಡಿ, ಏಡಿ ಇವು ವರ್ಜ್ಯ ಎಂಬುದು ಹಲವರಿಗೆ ಗೊತ್ತು. ಆದರೆ ಕೋಷರ್ ಅಡುಗೆಮನೆಯ ರೂಪವನ್ನೇ ನಿರ್ಧರಿಸುವುದು ಇನ್ನೊಂದು ಕಟ್ಟಳೆ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸುವುದನ್ನು ನಿಷೇಧಿಸುವ ಆಜ್ಞೆ ತೋರಾದಲ್ಲಿ ಮೂರು ಬಾರಿ ಬರುತ್ತದೆ. ಮಾಂಸವನ್ನೂ ಹಾಲನ್ನೂ ಕೂಡಿಸಿ ಬೇಯಿಸಬಾರದು, ಕೂಡಿಸಿ ತಿನ್ನಬಾರದು, ಅಂಥ ಬೆರಕೆಯಿಂದ ಯಾವ ಲಾಭವನ್ನೂ ಪಡೆಯಬಾರದು ಎಂದು ಹಿಂದಿನ ಧರ್ಮಪಂಡಿತರು ಅದರಿಂದ ಮೂರು ನಿಯಮಗಳನ್ನು ಹೊರಡಿಸಿದರು. ಮಾಂಸ ತಿಂದ ಮೇಲೆ ಹಾಲು ಕುಡಿಯಲು ಅನೇಕರು ಆರು ಗಂಟೆ ಕಾಯುತ್ತಾರೆ. ಜರ್ಮನಿಯ ಯಹೂದಿಗಳ ರೂಢಿಯಲ್ಲಿ ಮೂರು ಗಂಟೆ, ಡಚ್ಚರ ರೂಢಿಯಲ್ಲಿ ಒಂದು ಗಂಟೆ.

ಆದ್ದರಿಂದ ಇಂಥ ಮನೆಗಳಲ್ಲಿ ತಟ್ಟೆ, ಚಮಚ, ಬಾಣಲೆ, ಚಾಕು ಎಲ್ಲವೂ ಎರಡೆರಡು ಜೊತೆ. ಒಂದು ಹಾಲಿನ ಅಡುಗೆಗೆ, ಇನ್ನೊಂದು ಮಾಂಸದ ಅಡುಗೆಗೆ. ಅನುಕೂಲವಿದ್ದವರಲ್ಲಿ ಸಿಂಕು ಕೂಡ ಎರಡು. ಹಾಲಿನದಕ್ಕೆ ನೀಲಿ ಗುರುತು, ಮಾಂಸದ್ದಕ್ಕೆ ಕೆಂಪು ಗುರುತು ಹಚ್ಚಿಕೊಳ್ಳುವ ವಾಡಿಕೆ ಬಹಳ ಕಡೆ ಇದೆ. ತರಕಾರಿ, ಹಣ್ಣು, ಮೊಟ್ಟೆ, ಮೀನು ಈ ಎರಡೂ ಗುಂಪಿಗೆ ಸೇರುವುದಿಲ್ಲ. ಅವಕ್ಕೆ ಪಾರೆವ್ ಎನ್ನುತ್ತಾರೆ.

ಮಡಿ, ಮೈಲಿಗೆ, ಮುಸುರೆ ಎಂಬ ಮಾತುಗಳನ್ನು ಕೇಳಿ ಬೆಳೆದವರು ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಕೋಷರ್ ಮನೆಯಲ್ಲಿ ಹಾಲೂ ಮೈಲಿಗೆಯಲ್ಲ, ಕೋಷರ್ ಮಾಂಸವೂ ಮೈಲಿಗೆಯಲ್ಲ. ಎರಡೂ ಊಟಕ್ಕೆ ಯೋಗ್ಯ. ಎರಡೂ ಒಂದರೊಳಗೊಂದು ಬೆರೆಯಬಾರದು, ಅಷ್ಟೆ. ಹಾಗಾಗಿ 'ಈ ಪಾತ್ರೆ ಶುದ್ಧವೇ?' ಎಂದು ಕೇಳಿದರೆ ಸಾಲದು. 'ಈ ಪಾತ್ರೆ ಯಾವುದರ ರುಚಿಯನ್ನು ಹೀರಿದೆ?' ಎಂದು ಕೇಳಬೇಕು.

ಬಿಸಿಯೇ ಮೂಲ

ತಣ್ಣಗಿನ ತಟ್ಟೆಯ ಮೇಲೆ ತಣ್ಣಗಿನ ಬೆಣ್ಣೆ ಇಟ್ಟರೆ ತಟ್ಟೆ ಏನನ್ನೂ ಹೀರದು, ತೊಳೆದರೆ ಹೋಗುತ್ತದೆ. ಬಿಸಿಯಾದಾಗ ಮಾತ್ರ ಪಾತ್ರೆ ತನ್ನೊಳಗಿನ ಆಹಾರದ ರುಚಿಯನ್ನು ಹೀರುತ್ತದೆ, ಮತ್ತೆ ಬಿಸಿಯಾದಾಗ ಅದನ್ನು ಬಿಡುತ್ತದೆ. ಯಹೂದಿ ಪಾಕಶಾಸ್ತ್ರದ ಮೂಲಸೂತ್ರ ಇದೇ. ಎಷ್ಟು ಬಿಸಿ? ಮುಟ್ಟಿದ ಕೈ ತಾನಾಗಿ ಹಿಂದೆ ಸರಿಯುವಷ್ಟು. ಇಂದಿನ ಅನೇಕ ಪಂಡಿತರು ಇದನ್ನು ಸುಮಾರು 45 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿಯುತ್ತಾರೆ.

ಇನ್ನೊಂದು ಲೆಕ್ಕವೂ ಇದೆ. ಹೀರಿದ ರುಚಿ 24 ಗಂಟೆ ಕಳೆದರೆ ಕೆಟ್ಟುಹೋಗುತ್ತದೆ ಎಂದು ಭಾವಿಸಲಾಗುತ್ತದೆ. ಆದ್ದರಿಂದ ಇಂದು ಬಳಸಿದ ಪಾತ್ರೆಗೂ ನಿನ್ನೆಯಿಂದ ಸುಮ್ಮನೆ ಬಿದ್ದಿರುವ ಪಾತ್ರೆಗೂ ಶಾಸ್ತ್ರದ ಕಣ್ಣಲ್ಲಿ ವ್ಯತ್ಯಾಸವಿದೆ.

ಈ ವಿಷಯವನ್ನೆಲ್ಲ ಕ್ರಮವಾಗಿ ಜೋಡಿಸಿದ ಗ್ರಂಥ ಶುಲ್ಖಾನ್ ಆರೂಖ್. ಹೆಸರಿನ ಅರ್ಥ 'ಊಟಕ್ಕೆ ಅಣಿಮಾಡಿದ ಮೇಜು'. ಸಫೇದ್ ಊರಿನಲ್ಲಿದ್ದ ಜೋಸೆಫ್ ಕಾರೋ ಬರೆದ ಇದು 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಪೋಲೆಂಡಿನ ಕ್ರಾಕೋವ್‌ನ ಮೋಸೆಸ್ ಇಸ್ಸೆರ್ಲಿಸ್ ಅದಕ್ಕೆ ತಮ್ಮ ನಾಡಿನ ರೂಢಿಗಳನ್ನು ಟಿಪ್ಪಣಿಯಾಗಿ ಸೇರಿಸಿದರು. ಮಾಂಸದ ತಟ್ಟೆಗಳನ್ನು ಹಾಲಿನ ಪಾತ್ರೆಯಲ್ಲಿ ಬಿಸಿನೀರು ಹಾಕಿ ತೊಳೆದರೆ ಏನಾಗುತ್ತದೆ ಎಂಬ ಪ್ರಶ್ನೆ ಅಲ್ಲಿ ಚರ್ಚೆಗೆ ಬಂದಿದೆ. ಜಿಡ್ಡು ಅಂಟಿರದಿದ್ದರೆ ತೊಂದರೆಯಿಲ್ಲ ಎಂದರು ಕಾರೋ. ಕೂಡದು ಎಂದರು ಇಸ್ಸೆರ್ಲಿಸ್.

ನೀರಿಗೆ ಮೊದಲೇ ಬೂದಿ ಹಾಕಿದ್ದರೆ? ಆಗ ಜಿಡ್ಡಿನ ರುಚಿಯೇ ಕೆಟ್ಟುಹೋಗುವುದರಿಂದ ಪಾತ್ರೆಗೆ ದೋಷ ತಟ್ಟದು ಎಂದು ಕಾರೋ ಬರೆದರು. ಬೂದಿ ಮತ್ತು ತೆಂಗಿನ ನಾರಿನಿಂದ ಪಾತ್ರೆ ಬೆಳಗಿದ ಹಳ್ಳಿಯ ಮನೆಗಳವರಿಗೆ ಈ ಬೂದಿಯ ಮಾತು ಬೇಗ ಅರ್ಥವಾದೀತು. ಇಂದು ಬೂದಿಯ ಜಾಗದಲ್ಲಿ ಸೋಪಿನ ಪುಡಿ ಬಂದಿದೆ.

ಯಂತ್ರದ ಒಳಗೆ ನಡೆಯುವುದೇನು?

ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಎಂಬ ಊರಿನ ಜೋಸೆಫೀನ್ ಕಾಕ್ರೇನ್ ಎಂಬ ಮಹಿಳೆ 1886ರಲ್ಲಿ ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1893ರ ಷಿಕಾಗೋ ವಿಶ್ವ ಪ್ರದರ್ಶನದಲ್ಲಿ ಅದು ಜನರ ಕಣ್ಣಿಗೆ ಬಿತ್ತು. ಉಜ್ಜುವ ಬದಲು ಒತ್ತಡದಿಂದ ನೀರು ಚಿಮ್ಮಿಸುವುದೇ ಆಕೆಯ ಉಪಾಯ. ಇಂದಿನ ಯಂತ್ರಗಳೂ ಅದನ್ನೇ ಮಾಡುತ್ತವೆ. ತಳದಲ್ಲಿ ಕೂಡಿದ ನೀರನ್ನು ಬಿಸಿ ಮಾಡಿ, ಸೋಸಿ, ಪಂಪು ಮತ್ತೆ ಮೇಲಕ್ಕೆ ತಳ್ಳುತ್ತದೆ. ತಿರುಗುವ ತೋಳುಗಳು ಅದನ್ನು ಪಾತ್ರೆಗಳ ಮೇಲೆ ಚಿಮ್ಮುತ್ತವೆ. ಕೆಳಗೆ ಬಿದ್ದ ನೀರೇ ಮತ್ತೆ ಮೇಲೇರುತ್ತದೆ. ಹೀಗಾಗಿಯೇ ನೀರಿನ ಖರ್ಚು ಕಡಿಮೆ.

ಕೋಷರ್ ಮನೆಗೆ ತೊಡಕಾಗುವುದೂ ಇದೇ ಗುಣ. ನೀರಿನ ಬಿಸಿ ಸಾಮಾನ್ಯವಾಗಿ 50ರಿಂದ 70 ಡಿಗ್ರಿ. ಅಂದರೆ ಕೈ ಹಿಂದೆ ಸರಿಯುವ ಮಟ್ಟಕ್ಕಿಂತ ಹೆಚ್ಚು. ಮೇಲಿನ ಬುಟ್ಟಿಯಲ್ಲಿ ಪಾಯಸದ ಬಟ್ಟಲು, ಕೆಳಗಿನ ಬುಟ್ಟಿಯಲ್ಲಿ ಮಾಂಸದ ತಟ್ಟೆ ಇಟ್ಟರೆ ಅದೇ ಬಿಸಿನೀರು ಎರಡನ್ನೂ ಸುತ್ತಿ ಬರುತ್ತದೆ. ಫಿಲ್ಟರಿನಲ್ಲಿ ಸಿಕ್ಕಿಕೊಂಡ ತುಣುಕು ಮುಂದಿನ ಸರದಿಯ ತನಕ ಅಲ್ಲಿಯೇ ಕೂತಿರಬಹುದು.

ಹಳೆಯ ಭಿನ್ನಾಭಿಪ್ರಾಯ ಹೊಸ ಯಂತ್ರದ ಸುತ್ತಲೂ ಮುಂದುವರಿಯಿತು. ಅಮೆರಿಕದ ಹೆಸರಾಂತ ರಬ್ಬಿ ಮೋಶೆ ಫೈನ್‌ಸ್ಟೈನ್ (1895-1986) ಒಂದೇ ಯಂತ್ರದಲ್ಲಿ ಹಾಲಿನ ಪಾತ್ರೆ, ಮಾಂಸದ ಪಾತ್ರೆಗಳನ್ನು ಬೇರೆ ಬೇರೆ ಸರದಿಯಲ್ಲಿ, ಬೇರೆ ಬೇರೆ ಬುಟ್ಟಿಗಳಲ್ಲಿ ತೊಳೆಯಲು ದಾರಿ ತೋರಿಸಿದರು. ಕಾರೋ ಅವರ ಪರಂಪರೆಯನ್ನು ಹಿಡಿದ, ಇಸ್ರೇಲಿನ ಸೆಫಾರ್ದಿ ಮುಖ್ಯ ರಬ್ಬಿಯಾಗಿದ್ದ ಓವಾದಿಯಾ ಯೋಸೆಫ್ (1920-2013) ಇನ್ನೂ ಸಡಿಲವಾದ ನಿಲುವು ತಳೆದರು. ಇಸ್ಸೆರ್ಲಿಸ್ ಅವರ ಹಾದಿಯ ಅನೇಕ ರಬ್ಬಿಗಳು ಒಂದು ಯಂತ್ರ ಒಂದೇ ಬಗೆಗೆ ಮೀಸಲಿರಲಿ ಎನ್ನುತ್ತಾರೆ. ಇವರಲ್ಲಿ ಯಾರೂ ಧರ್ಮವನ್ನು ಹಗುರ ಮಾಡಿದವರಲ್ಲ. ಎಲ್ಲರೂ ಒಂದೇ ಗ್ರಂಥ ಓದಿ, ಬಿಸಿ, ಜಿಡ್ಡು, ಸೋಪು ಎಂಬ ಅವೇ ಅಂಶಗಳನ್ನು ತೂಗಿ, ಬೇರೆ ಬೇರೆ ತೀರ್ಮಾನಕ್ಕೆ ಬಂದವರು.

ಕೊಳ್ಳುವ ಮುನ್ನ

ಮೊದಲ ಕೆಲಸ ಅಂಗಡಿಗೆ ಹೋಗುವುದಲ್ಲ. ಮನೆಯವರು ನಂಬುವ ರಬ್ಬಿಯನ್ನು ಕೇಳುವುದು. ಯಂತ್ರ ಮನೆಗೆ ಬಂದ ಮೇಲೆ ಕೇಳಿದರೆ ಪ್ರಶ್ನೆಗಿಂತ ಸಮರ್ಥನೆಯೇ ಹೆಚ್ಚಾಗಿಬಿಡುತ್ತದೆ. ಗಂಡ ಹೆಂಡಿರು ಬೇರೆ ಬೇರೆ ರೂಢಿಯ ಮನೆಗಳಿಂದ ಬಂದಿದ್ದರಂತೂ ಈ ಮಾತು ಮೊದಲೇ ಇತ್ಯರ್ಥವಾಗಬೇಕು.

ಸ್ಥಳವೂ ಹಣವೂ ಇದ್ದವರು ಎರಡು ಯಂತ್ರ ಇಡುತ್ತಾರೆ. ಚಿಕ್ಕ ಅಡುಗೆಮನೆಗೆ, ಒಂದರ ಮೇಲೊಂದು ಎರಡು ಡ್ರಾಯರ್ ಇರುವ ಮಾದರಿಗಳೂ ಇವೆ. ನ್ಯೂಜಿಲೆಂಡಿನ ಫಿಶರ್ ಆ್ಯಂಡ್ ಪೈಕೆಲ್ ಕಂಪನಿ 1997ರಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಎರಡು ಡ್ರಾಯರುಗಳನ್ನೂ ಬೇರೆ ಬೇರೆಯಾಗಿ ಓಡಿಸಬಹುದು. ಆದರೂ ಕೊಳೆನೀರಿನ ಕೊಳವೆಗಳು ಎಲ್ಲಿ ಕೂಡುತ್ತವೆ ಎಂಬುದನ್ನು ವಿಚಾರಿಸಿಯೇ ಮುಂದುವರಿಯಬೇಕು.

ಒಂದೇ ಯಂತ್ರ ಸಾಧ್ಯವೆನ್ನುವವರು ಅದನ್ನು ಒಂದೇ ಬಗೆಗೆ ಮೀಸಲಿಟ್ಟು ಉಳಿದದ್ದನ್ನು ಕೈಯಲ್ಲಿ ತೊಳೆಯುವುದು ಸುಲಭದ ದಾರಿ. ಯಾವುದಕ್ಕೆ ಮೀಸಲು? ಬೆಳಗಿನ ತಿಂಡಿ, ಮಕ್ಕಳ ಹಾಲು, ಮೊಸರು ಹೆಚ್ಚಿರುವ ಮನೆಯಲ್ಲಿ ಹಾಲಿನ ಪಾತ್ರೆಗಳೇ ಬೇಗ ಗುಡ್ಡೆಯಾಗುತ್ತವೆ. ವಾರಕ್ಕೊಮ್ಮೆ ನಂಟರಿಷ್ಟರನ್ನು ಕರೆದು ಮಾಂಸದೂಟ ಹಾಕುವ ಮನೆಯಲ್ಲಿ ಜಿಡ್ಡಿನ ತಟ್ಟೆಗಳೇ ಹೊರೆ. ಒಂದು ವಾರ ಯಾವುದು ಎಷ್ಟು ಬಿತ್ತು ಎಂದು ಎಣಿಸಿ ನೋಡಿದರೆ ಉತ್ತರ ಸಿಗುತ್ತದೆ.

ಒಳತೊಟ್ಟಿ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ. ಮುಂದೆ ಎಂದಾದರೂ ಯಂತ್ರದ ಬಳಕೆ ಬದಲಿಸಬೇಕಾದರೆ ಲೋಹವನ್ನು ಬಿಸಿನೀರಿನಿಂದ ಕೋಷರ್ ಮಾಡಬಹುದು. ಪಿಂಗಾಣಿ ಲೇಪಕ್ಕೆ ಆ ಅವಕಾಶವಿಲ್ಲ, ಪ್ಲಾಸ್ಟಿಕ್ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಫಿಲ್ಟರು ಕೈಯಿಂದ ಬಿಚ್ಚಿ ತೊಳೆಯುವಂತಿರಬೇಕು. ಒಂದೇ ಬಗೆಯ ಪಾತ್ರೆ ಹಾಕುವಾಗ ಯಂತ್ರ ತುಂಬಲು ತಡವಾಗುವುದರಿಂದ ಅರ್ಧ ತುಂಬಿದರೂ ಓಡುವ ವ್ಯವಸ್ಥೆ ಇದ್ದರೆ ಒಳ್ಳೆಯದು. ಕೊಳೆನೀರಿನ ಕೊಳವೆಯನ್ನು ಎತ್ತರಕ್ಕೆ ಬಾಗಿಸಿ ಜೋಡಿಸಿದರೆ ಸಿಂಕಿನ ನೀರು ಯಂತ್ರಕ್ಕೆ ಹಿಂತಿರುಗದು.

ದಿನನಿತ್ಯದ ಬಳಕೆ

ತಟ್ಟೆಯ ಉಳಿಕೆಯನ್ನು ಕೆರೆದು ಕಸಕ್ಕೆ ಹಾಕಿ ಆಮೇಲೆ ಬುಟ್ಟಿಯಲ್ಲಿ ಜೋಡಿಸಬೇಕು. ಯಂತ್ರದ ಬಾಗಿಲಿಗೆ ಕೆಂಪೋ ನೀಲಿಯೋ ಗುರುತು ಅಂಟಿಸಬೇಕು. ಮನೆಯವರಿಗೆ ನೆನಪಿರುತ್ತದೆ, ಸಹಾಯಕ್ಕೆ ಬಂದ ಅತಿಥಿಗೆ ಇರುವುದಿಲ್ಲ. ಪಾರೆವ್ ಅಡುಗೆಯ ಪಾತ್ರೆಗಳನ್ನು ಅನೇಕರು ಕೈಯಲ್ಲೇ ತೊಳೆಯುತ್ತಾರೆ, ಏಕೆಂದರೆ ಮಾಂಸದ ಯಂತ್ರ ಹೊಕ್ಕು ಬಂದ ಪಾತ್ರೆಯನ್ನು ಹಾಲಿನ ಜೊತೆ ಬಳಸಲು ಅವರು ಹಿಂಜರಿಯುತ್ತಾರೆ. ಪೆಸಾಹ್ ಹಬ್ಬದಲ್ಲಿ ಹುಳಿಬಂದ ಹಿಟ್ಟಿನ ಸೋಂಕೂ ಇರಬಾರದಾದ್ದರಿಂದ, ಆ ದಿನಗಳಲ್ಲಿ ಯಂತ್ರಕ್ಕೆ ಬೀಗ ಹಾಕಿ ಬೇರೆ ಪಾತ್ರೆಗಳನ್ನು ಹೊರತೆಗೆಯುವ ಮನೆಗಳು ಬಹಳ.

ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರ ಮೂಡುವ ತನಕ ಶಬ್ಬಾತ್, ಅಂದರೆ ವಿಶ್ರಾಂತಿಯ ದಿನ. ಆಗ ಯಂತ್ರದ ಗುಂಡಿ ಒತ್ತುವಂತಿಲ್ಲ. ಭಾರತದ ಕೊಂಕಣ ಕರಾವಳಿಯಲ್ಲಿ ಗಾಣದ ಕಸುಬು ಮಾಡುತ್ತಿದ್ದ ಬೆನೆ ಇಸ್ರೇಲ್ ಯಹೂದಿಗಳು ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ನೆರೆಹೊರೆಯವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಗಾಣ ನಿಂತಂತೆ ಯಂತ್ರವೂ ನಿಲ್ಲುತ್ತದೆ. ಬಾಗಿಲು ತೆರೆದರೆ ದೀಪ ಹತ್ತುವ ಮಾದರಿಯಾದರೆ ಅದನ್ನೂ ಮೊದಲೇ ಆರಿಸಿಡಬೇಕಾಗುತ್ತದೆ.

ತಪ್ಪಾದರೆ

ಎಷ್ಟೇ ಎಚ್ಚರ ವಹಿಸಿದರೂ ಒಂದು ದಿನ ಹಾಲಿನ ಚಮಚವೊಂದು ಮಾಂಸದ ತಟ್ಟೆಗಳ ನಡುವೆ ಸೇರಿಕೊಂಡು ತೊಳೆದು ಹೊರಬರುತ್ತದೆ. ಆಗ ಗಾಬರಿಯಿಂದ ಎಲ್ಲವನ್ನೂ ಎಸೆಯುವುದೂ ಸರಿಯಲ್ಲ, ಯಾರೂ ನೋಡಲಿಲ್ಲವೆಂದು ಡಬ್ಬಿಗೆ ಸೇರಿಸುವುದೂ ಸರಿಯಲ್ಲ. ಚಮಚವನ್ನು ಪಕ್ಕಕ್ಕಿಟ್ಟು ನಾಲ್ಕು ವಿಷಯ ಬರೆದಿಟ್ಟುಕೊಳ್ಳಬೇಕು. ನೀರು ಎಷ್ಟು ಬಿಸಿಯಾಗಿತ್ತು? ಆ ಚಮಚವನ್ನು 24 ಗಂಟೆಯೊಳಗೆ ಬಿಸಿ ಪದಾರ್ಥಕ್ಕೆ ಬಳಸಲಾಗಿತ್ತೇ? ಅದರ ಮೇಲೆ ಉಳಿಕೆ ಇತ್ತೇ? ಸೋಪು ಹಾಕಿತ್ತೇ? ಇವಿಷ್ಟನ್ನು ರಬ್ಬಿಗೆ ತಿಳಿಸಿದರೆ ಉತ್ತರ ಬೇಗ ಸಿಗುತ್ತದೆ. ಎಷ್ಟೋ ಸಲ ಆ ಉತ್ತರ ಭಯಪಟ್ಟಷ್ಟು ಕಠಿಣವಾಗಿರುವುದಿಲ್ಲ.

ಮಕ್ಕಳಿಗೆ ಕಲಿಸಬೇಕಾದ್ದು ಮುಖ್ಯವಾಗಿ ಇದನ್ನೇ. ಚಮಚ ತಪ್ಪು ಬುಟ್ಟಿಗೆ ಬಿದ್ದದ್ದಕ್ಕೆ ಬೈಗುಳ ತಿಂದ ಮಗು ಮುಂದಿನ ಸಲ ಹೇಳದೆ ಮುಚ್ಚಿಡುತ್ತದೆ. ಮುಚ್ಚಿಟ್ಟ ದಿನದಿಂದ ಆ ಅಡುಗೆಮನೆಯಲ್ಲಿ ಎರಡು ಯಂತ್ರವಿದ್ದರೂ ಪ್ರಯೋಜನವಿಲ್ಲ. ಮೊಮ್ಮಗನ ಮನೆಗೆ ಬಂದ ಅಜ್ಜಿ ಬೀರು ತೆರೆದು ತಟ್ಟೆಗಳನ್ನು ಪರೀಕ್ಷಿಸುವುದಿಲ್ಲ. 'ತಪ್ಪಾದಾಗ ಏನು ಮಾಡ್ತೀಯಪ್ಪ?' ಎಂದು ಕೇಳುತ್ತಾರೆ. 'ತೆಗೆದಿಟ್ಟು ಕೇಳ್ತೀನಿ ಅಜ್ಜಿ' ಎಂದು ಆತ ತಡವರಿಸದೆ ಹೇಳಿದರೆ, ಅವರು ಕುರ್ಚಿ ಎಳೆದುಕೊಂಡು ಊಟಕ್ಕೆ ಕೂರುತ್ತಾರೆ.