ಮಾತು ಹೋಯ್ತು, ಹಾಡು ಉಳೀತು!



ಈ ವಾರ ಯಾವ ನಟಿಯ ಗುಸುಗುಸುವೂ ಇಲ್ಲ, ಯಾವ ಚಿತ್ರದ ಮುಹೂರ್ತವೂ ಇಲ್ಲ. ನನ್ನ ದೊಡ್ಡಪ್ಪನ ಕಥೆ ಇದೆ. ಪುಟ ತಿರುವಬೇಡಿ... ಇದರಲ್ಲೂ ಅಣ್ಣಾವ್ರ ಚಿತ್ರವಿದೆ, ಹಾಡಿದೆ, ಕಣ್ಣೀರಿದೆ, ಕೊನೆಗೊಂದು ಕಾಮಿಡಿಯೂ ಇದೆ!

ದೊಡ್ಡಪ್ಪ ಹುಣಸೂರು ಕಡೆಯ ಹೊಗೆಸೊಪ್ಪಿನ ರೈತ. ಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಐದಾರು ದಿನ ಹಗಲೂ ರಾತ್ರಿ ಬೆಂಕಿ ಆರಬಾರದು. ಕಾಯುವವನು ನಿದ್ದೆ ಹೋದರೆ ವರ್ಷದ ದುಡಿಮೆ ಹೋಯಿತು. ನಿದ್ದೆ ಓಡಿಸೋಕೆ ದೊಡ್ಡಪ್ಪನಿಗೆ ಹಳೇ ಹಾಡೇ ಗತಿ. ಅದರಲ್ಲೂ 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ವೀರಬಾಹು ಎಂ.ಪಿ. ಶಂಕರ್ ಕುಣಿದು ಹಾಡುವ ಹಾಡು ಅಂದರೆ ಪ್ರಾಣ. ಕಂಠ ಘಂಟಸಾಲ ಅವರದು. ಚಿತ್ರ ನಿರ್ದೇಶಿಸಿದವರು ಊರ ಹೆಸರನ್ನೇ ತಮ್ಮ ಹೆಸರಿನ ಮುಂದಿಟ್ಟುಕೊಂಡ ಹುಣಸೂರು ಕೃಷ್ಣಮೂರ್ತಿ. “ಅವ್ರು ನಮ್ಮೋರು ಕಣ್ಲಾ!” ಅಂತ ದೊಡ್ಡಪ್ಪ ಎದೆ ಉಬ್ಬಿಸೋರು. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಸಿನಿಮಾ ಬರೆಯೋಕೆ ಹೊರಟಾಗ ಮನೆಯಲ್ಲಿ ಬೈಯದೇ ಇದ್ದವರು ಅವರೊಬ್ಬರೇ.

ಹೋದ ವರ್ಷ ಬ್ಯಾರನ್ ಕಾಲದಲ್ಲಿ ಒಂದು ಬೆಳಿಗ್ಗೆ ಅವರ ಬಲಗೈಯಿಂದ ಸೌದೆ ಜಾರಿತು. ಬಾಯಿ ಸೊಟ್ಟಗಾಯಿತು. ಮಾತು ನಿಂತೇ ಹೋಯಿತು. ಲಕ್ವ! “ನಾಟಿ ಎಣ್ಣೆ ತಿಕ್ಕೋರ ಹತ್ರ ಕರ್ಕೊಂಡು ಹೋಗು” ಅಂದರು ಊರವರು. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋದವನು ನಾನೇ. ಮೈಸೂರಿನ ಆಸ್ಪತ್ರೆ ಮುಟ್ಟಿದ್ದು ಮಾರನೇ ದಿನ. ಡಾಕ್ಟರು ಕೇಳಿದ್ದು ಒಂದೇ ಮಾತು: “ನಿನ್ನೇನೇ ಯಾಕೆ ಬರ್ಲಿಲ್ಲ?”

ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಯಾವ ಚಿತ್ರ ಯಾವ ಟಾಕೀಸಿನಲ್ಲಿ ಎಷ್ಟು ವಾರ ಓಡಿತು ಅಂತ ನಿದ್ದೆಯಲ್ಲೂ ಹೇಳಬಲ್ಲ ನನಗೆ ಈ ಒಂದು ಲೆಕ್ಕ ಗೊತ್ತಿರಲಿಲ್ಲ!

ಮನೆಗೆ ಬಂದ ದೊಡ್ಡಪ್ಪನಿಗೆ ಎಲ್ಲಾ ಅರ್ಥವಾಗುತ್ತಿತ್ತು. ಬಾಯಿ ತೆರೆದರೆ ಮಾತ್ರ “ಆ... ಆ...”. ಬಾಯಾರಿದರೆ ನೀರು ಅನ್ನೋಕೂ ಆಗದೆ ಮಗುವಿನ ಹಾಗೆ ಅಳೋರು. ನಾನು ಅವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ.

ಗಣೇಶನ ಹಬ್ಬ ಬಂತು. ಪೆಂಡಾಲಿನ ಮೈಕಿನಲ್ಲಿ ಅದೇ ವೀರಬಾಹುವಿನ ಹಾಡು ಶುರುವಾಯಿತು. ಜಗುಲಿಯ ಮೇಲಿಂದ ಯಾರೋ ಜೊತೆಗೂಡಿಸಿದ ಹಾಗಾಯಿತು. ತಿರುಗಿ ನೋಡ್ತೀನಿ... ದೊಡ್ಡಪ್ಪ! ತೊದಲುತ್ತಾ ಆದರೂ ಪದಕ್ಕೆ ಪದ ಹೊಂದಿಸಿ ಹಾಡುತ್ತಿದ್ದಾರೆ! ದೊಡ್ಡಮ್ಮನ ಕೈಯಿಂದ ಚೊಂಬು ಕೆಳಗೆ ಬಿತ್ತು. ಹಾಡು ಮುಗಿಯಿತು. “ದೊಡ್ಡಪ್ಪ, ನೀರು ಬೇಕಾ?” ಅಂದೆ. ಮತ್ತೆ ಅದೇ “ಆ... ಆ...”.

ಇದೇನು ಪವಾಡವೋ, ದೇವರ ಆಟವೋ? ಎರಡೂ ಅಲ್ಲ ಅಂದರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ಬಹುಪಾಲು ಜನರಿಗೆ ಮಾತಿನ ಮನೆ ಮಿದುಳಿನ ಎಡಭಾಗದಲ್ಲಿ. ಹಾಡಿನ ರಾಗಕ್ಕೆ ಬಲಭಾಗವೂ ದುಡಿಯುತ್ತದೆ. ಎಡಭಾಗಕ್ಕೆ ಪೆಟ್ಟು ಬಿದ್ದರೂ ನೂರಾರು ಸಲ ಹಾಡಿದ ಹಾಡು ಉಳಿದಿರಬಹುದು. ಹಾಗಂತ ಹಾಡಿದ್ದೆಲ್ಲಾ ಮಾತಲ್ಲ. ಹಾಡಿನ ಬೆನ್ನೇರಿಸಿ ಮಾತನ್ನು ಕರೆತರಬೇಕು. ಆ ವಿಧಾನವನ್ನು 1973ರಲ್ಲಿ ಅಮೆರಿಕದ ಬಾಸ್ಟನ್ನಿನ ತಜ್ಞರು ಪ್ರಕಟಿಸಿದರು. ಅಲ್ಲಿನ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ 2011ರಲ್ಲಿ ತಲೆಗೆ ಗುಂಡು ಬಿದ್ದು ಮಾತು ಕಳೆದುಕೊಂಡಾಗ, ಅವರಿಗೂ ಹಾಡು ನೆರವಾಯಿತು.

ಮಾಡೋದು ಹೀಗೆ: ಒಂದು ಚಿಕ್ಕ ಮಾತು ತಗೊಳ್ಳಿ. “ನೀ-ರು-ಕೊ-ಡು.” ಎರಡೇ ಸ್ವರ, ಮೇಲೆ ಕೆಳಗೆ. ಅಕ್ಷರಕ್ಕೊಂದರಂತೆ ಎಡಗೈಯಿಂದ ತೊಡೆ ತಟ್ಟಬೇಕು. ಮೊದಲು ಜೊತೆಯಲ್ಲಿ ಹಾಡೋದು, ಆಮೇಲೆ ರೋಗಿ ಒಬ್ಬರೇ, ಕೊನೆಗೆ ರಾಗ ಇಳಿಸಿ ಬರೀ ಮಾತು. ಎಲ್ಲರಿಗೂ ಫಲ ಸಿಗೋದಿಲ್ಲ, ಸಿಕ್ಕರೂ ತಿಂಗಳುಗಟ್ಟಲೆ ಬೇಕು ಅಂತ ಮೊದಲೇ ಹೇಳಿದ್ದರು. ನಡಿಗೆಗೂ ತಾಳ! ಒಂದೇ ಲಯದ ಸದ್ದಿಗೆ ಹೆಜ್ಜೆ ಹಾಕಿಸಿದರೆ ಎಳೆಯುವ ಕಾಲು ಎಷ್ಟೋ ಸರಿಯಾಗುತ್ತದಂತೆ. ನಾನು ತಮಟೆ ತಂದೆ. ಬೀದಿ ಹುಡುಗರೆಲ್ಲಾ ಹಿಂದೆ ಕುಣಿದರು.

ಬರೆಯುವ ಕೆಲಸಕ್ಕೆ ನಾಲ್ಕು ತಾಲ್ಲೂಕು ಸುತ್ತೋನು ನಾನು. ಅಲ್ಲಿಂದಾಚೆ ಎಲ್ಲಿ ಹೋದರೂ ಕಿವಿ ಇದನ್ನೇ ಹುಡುಕುತ್ತದೆ. ಕೆ.ಆರ್. ನಗರ ಕಡೆಯ ಕಪ್ಪಡಿ ಜಾತ್ರೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುವಾಗ, ಕೇಳುತ್ತಾ ಕೂತವರ ತುಟಿ ತಾನಾಗೇ ಆಡುತ್ತದೆ. ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ ದೇಶ ಬಿಟ್ಟು ಬಂದ ಟಿಬೆಟಿಯನ್ನರು ತಮ್ಮ ಮುಖವಾಡದ ಕುಣಿತ ಬಿಟ್ಟಿಲ್ಲ. ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಕಾಡಿನಿಂದ ಹೊರಬಿದ್ದ ಜೇನುಕುರುಬರು ಹಾಡು ಬಿಟ್ಟಿಲ್ಲ. ಆ ಸೀಮೆಯ ಕಥೆಯನ್ನೇ ಮಾಸ್ತಿಯವರು ನಾಟಕ ಮಾಡಿದರು; 1977ರಲ್ಲಿ ಸಿ.ಆರ್. ಸಿಂಹ ಅದನ್ನು ‘ಕಾಕನಕೋಟೆ’ ಚಿತ್ರ ಮಾಡಿದಾಗ ಸಂಗೀತ ಕೊಟ್ಟವರು ಸಿ. ಅಶ್ವಥ್. ಮನೆ, ಊರು, ಕಾಡು ಕೈಬಿಟ್ಟರೂ ಹಾಡು ಬಿಡದವರನ್ನು ನೋಡಿದಾಗಲೆಲ್ಲ ನನಗೆ ಜಗುಲಿಯ ದೊಡ್ಡಪ್ಪ ನೆನಪಾಗುತ್ತಾರೆ.

ಈಗ ಕಾಮಿಡಿ! ಮೂರು ತಿಂಗಳು ತೊಡೆ ತಟ್ಟಿದ ಮೇಲೆ ದೊಡ್ಡಪ್ಪ ಒಬ್ಬರೇ “ನೀರು ಕೊಡು” ಅಂದರು. ಮನೆಯೆಲ್ಲಾ ಹಬ್ಬ. ಮಾರನೇ ಬೆಳಿಗ್ಗೆ ನನ್ನನ್ನು ಸನ್ನೆ ಮಾಡಿ ಕರೆದರು. ದೊಡ್ಡಮ್ಮ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅದೇ ರಾಗ, ಅದೇ ತಾಳ...

“ಬೀ-ಡಿ-ಕೊ-ಡು.”

ಯಾರೂ ಹೇಳಿಕೊಡದೆ ಅವರೇ ಕಟ್ಟಿದ ಮೊದಲ ಮಾತು! ಕೊಡಲಿಲ್ಲ ಬಿಡಿ, ಡಾಕ್ಟರ ಆಜ್ಞೆ. ಆದರೆ ಆವತ್ತು ನಾನು ಅವರ ಕಣ್ಣು ನೋಡಿ ನಕ್ಕೆ. ಅವರೂ ನಕ್ಕರು.

ಗೆಳೆಯರೇ, ಮುಖ ಸೊಟ್ಟಗಾದರೆ, ಕೈ ಜೋತರೆ, ಮಾತು ತೊದಲಿದರೆ ಎಣ್ಣೆ ಹುಡುಕಬೇಡಿ. ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ಮೊದಲು ಆಸ್ಪತ್ರೆ, ಹಾಡು ಆಮೇಲೆ. ನಾನು ಕಳೆದ ಆ ಒಂದು ದಿನ ನಿಮ್ಮ ಮನೆಯವರಿಗೆ ಕಳೆಯದಿರಲಿ.

ಮುಂದಿನ ವಾರ ಸಿಗೋಣ. ದೊಡ್ಡಪ್ಪನಿಗೆ ತಮಟೆ ಹೊತ್ತಾಯಿತು!